ಪರದೇಶದ ವಿದ್ಯಾರ್ಥಿಯೂ ದೇಹರಕ್ಷಣೆಯೂ: ಡಾಕ್ಟರ್ ಹರ್ಡೀಕರರ ಜೀವನದಿಂದ ಕಲಿಯತಕ್ಕ ಪಾಠ

ಜಗಳೂರು ತಾಲ್ಲೂಕಿನ ಬಿಳಿಚೋಡು ಮತ್ತು ಅದರ ಸುತ್ತಲಿನ ಗ್ರಾಮಗಳು ಮಳೆಯನ್ನೇ ನಂಬಿ ಬಾಳುವ ಬಯಲುಸೀಮೆಗೆ ಸೇರಿದವು. ಇಂಥ ಸೀಮೆಯ ಒಂದು ಮನೆಯಿಂದ ಮಗನಾಗಲಿ ಮಗಳಾಗಲಿ ವಿದ್ಯಾಭ್ಯಾಸಕ್ಕಾಗಿ ಸಮುದ್ರದಾಚೆಗೆ ಹೊರಟರೆಂದರೆ ಅದು ಆ ಒಂದು ಮನೆಯ ಸಂಗತಿಯಾಗಿಯೇ ಉಳಿಯುವುದಿಲ್ಲ. ಹೊಲದ ಪತ್ರವು ಬ್ಯಾಂಕನ್ನು ಸೇರುತ್ತದೆ. ಹೆಣ್ಣುಮಕ್ಕಳ ಮೈಮೇಲಿನ ಬಂಗಾರವು ಒತ್ತೆಗೆ ಹೋಗುತ್ತದೆ. ಬಂಧುಬಳಗವೆಲ್ಲ ದಾವಣಗೆರೆಯವರೆಗೆ ಬಂದು ಬೀಳ್ಕೊಡುತ್ತದೆ. ಖರ್ಚೆಷ್ಟು, ಪರೀಕ್ಷೆ ಯಾವುದು, ತಿರುಗಿ ಬಂದ ಮೇಲೆ ಸಂಬಳವೆಷ್ಟು ಎಂಬ ಪ್ರಶ್ನೆಗಳನ್ನು ಎಲ್ಲರೂ ಕೇಳುವರು. ಅಲ್ಲಿ ಅವನು ಏನನ್ನು ಉಣ್ಣುವನು, ಎಲ್ಲಿ ಮಲಗುವನು, ಜ್ವರ ಬಂದರೆ ಯಾರ ಬಾಗಿಲನ್ನು ತಟ್ಟುವನು, ಆ ಊರಿನಲ್ಲಿ ಗಲಭೆಯೆದ್ದರೆ ಯಾರ ಆಶ್ರಯವನ್ನು ಸೇರುವನು ಎಂದು ಕೇಳುವವರು ವಿರಳ. ತಾಯಿಯೊಬ್ಬಳು ಹಾಗೆ ಕೇಳಿದರೂ ಅದನ್ನು ಹೆಂಗರುಳಿನ ಹಳಹಳಿಕೆಯೆಂದು ಮನೆಯ ಗಂಡಸರು ನಕ್ಕುಬಿಡುವುದುಂಟು. ಆ ತಾಯಿಯ ಪ್ರಶ್ನೆಯೇ ಎಲ್ಲಕ್ಕೂ ಮೊದಲನೆಯ ಪ್ರಶ್ನೆಯಾಗತಕ್ಕದ್ದೆಂದು ನಾವು ಭಾವಿಸುತ್ತೇವೆ.

ಹೀಗೆ ಭಾವಿಸಲು ಕಾರಣವಿಲ್ಲದೆ ಇಲ್ಲ. 2022ನೆಯ ಇಸವಿಯ ಮಾರ್ಚ್ 1ರಂದು ಉಕ್ರೇನ್ ದೇಶದ ಖಾರ್ಕೀವ್ ನಗರದಲ್ಲಿ, ಯುದ್ಧದ ನಡುವೆ ಆಹಾರ ತರಲೆಂದು ಹೊರಬಿದ್ದ ನಮ್ಮ ಕರ್ನಾಟಕದ ಒಬ್ಬ ವೈದ್ಯವಿದ್ಯಾರ್ಥಿಯು ಶೆಲ್ ದಾಳಿಗೆ ಬಲಿಯಾದ ಸುದ್ದಿಯನ್ನು ನಮ್ಮ ವಾಚಕರು ಮರೆತಿರಲಾರರು. ಆ ದಿನಗಳಲ್ಲಿ ನಾಡಿನ ಎಷ್ಟೋ ಮನೆಗಳಲ್ಲಿ ತಂದೆತಾಯಿಗಳು ನಿದ್ರೆಯಿಲ್ಲದೆ ರಾತ್ರಿಗಳನ್ನು ಕಳೆದರು. ಯುದ್ಧವನ್ನು ನಿಲ್ಲಿಸುವ ಶಕ್ತಿಯು ವಿದ್ಯಾರ್ಥಿಯ ಕೈಯಲ್ಲಿಲ್ಲವೆಂಬುದು ನಿಜ. ಆದರೆ ಪರಸ್ಥಳದಲ್ಲಿ ಪ್ರಾಣವನ್ನೂ ಆರೋಗ್ಯವನ್ನೂ ಕಾಪಾಡಿಕೊಳ್ಳುವುದು ಒಂದು ವಿದ್ಯೆಯೆಂಬುದನ್ನೂ, ಅದನ್ನು ಹೊರಡುವ ಮೊದಲೇ ಕಲಿಯಬೇಕೆಂಬುದನ್ನೂ ನಾವು ಇನ್ನೂ ಮನಗಂಡಂತೆ ಕಾಣುವುದಿಲ್ಲ. ಈ ವಿಷಯದಲ್ಲಿ ನಮಗೆ ದಾರಿ ತೋರಬಲ್ಲ ಒಬ್ಬ ಮಹನೀಯರು ನಮ್ಮ ನಾಡಿನಲ್ಲಿಯೇ ಆಗಿಹೋಗಿದ್ದಾರೆ. ಹಿಂದುಸ್ಥಾನಿ ಸೇವಾದಳದ ಸ್ಥಾಪಕರೆಂದು ದೇಶವೆಲ್ಲ ಬಲ್ಲ ಡಾಕ್ಟರ್ ನಾರಾಯಣ ಸುಬ್ಬರಾವ ಹರ್ಡೀಕರರೇ ಅವರು. ಅವರನ್ನು ಸ್ವಾತಂತ್ರ್ಯಯೋಧರೆಂದು ನೆನೆಯುವವರು ಬಹಳ. ಪರದೇಶಕ್ಕೆ ಹೋಗಿ ಆರೋಗ್ಯಶಾಸ್ತ್ರವನ್ನೇ ಕಲಿತುಬಂದ ಕನ್ನಡ ನಾಡಿನ ವಿದ್ಯಾರ್ಥಿಯೆಂದು ನೆನೆಯುವವರು ಕಡಿಮೆ. ಆ ಎರಡನೆಯ ನೆನಪನ್ನು ಇಂದು ಮಾಡಿಕೊಡುವುದು ನಮ್ಮ ಉದ್ದೇಶ.

ಹರ್ಡೀಕರರು 1889ನೆಯ ಇಸವಿಯ ಮೇ 7ರಂದು ಧಾರವಾಡ ಜಿಲ್ಲೆಯ ತಿರ್ಲಾಪುರದಲ್ಲಿ ಹುಟ್ಟಿದರು. ಅವರ ಬಾಲ್ಯದ ಕಾಲವು ನಮ್ಮ ನಾಡಿಗೆ ಘೋರವಾದ ಕಾಲ. 1896ರಲ್ಲಿ ಮುಂಬಯಿಗೆ ಕಾಲಿಟ್ಟ ಪ್ಲೇಗು ಎರಡು ವರ್ಷದೊಳಗಾಗಿ ಹುಬ್ಬಳ್ಳಿ ಧಾರವಾಡಗಳನ್ನು ಹೊಕ್ಕಿತು. ಜನರು ಮನೆಗಳಿಗೆ ಬೀಗವಿಕ್ಕಿ ಊರ ಹೊರಗಿನ ಗುಡಿಸಲುಗಳಲ್ಲಿ ವಾಸಮಾಡಿದರು. ಮುಂಬಯಿಯಲ್ಲಿ ಹಾಫ್‌ಕಿನ್ ಎಂಬ ವಿಜ್ಞಾನಿಯು 1897ರಲ್ಲಿ ಸಿದ್ಧಪಡಿಸಿದ ಪ್ಲೇಗಿನ ಲಸಿಕೆಯನ್ನು 1898ರಲ್ಲಿ ಹುಬ್ಬಳ್ಳಿಯ ಬಹುಪಾಲು ಜನರಿಗೆ ಚುಚ್ಚಲಾಯಿತು; ಇಡಿಯ ಪಟ್ಟಣವೊಂದು ಇಷ್ಟು ದೊಡ್ಡ ಪ್ರಮಾಣದಲ್ಲಿ ಲಸಿಕೆಯನ್ನು ಪಡೆದ ಸಂಗತಿಯು ಆಗ ವೈದ್ಯಲೋಕದ ಗಮನವನ್ನು ಸೆಳೆಯಿತು. ಒಂಬತ್ತು ವರ್ಷದ ಬಾಲಕನೊಬ್ಬನು ಇಂಥ ಸೀಮೆಯಲ್ಲಿ ಬೆಳೆದನೆಂದರೆ, ರೋಗವೆಂಬುದು ಒಬ್ಬೊಬ್ಬನ ಹಣೆಬರಹವಷ್ಟೇ ಅಲ್ಲ, ಊರೇ ಒಟ್ಟಾಗಿ ಎದುರಿಸಬೇಕಾದ ಶತ್ರುವೆಂಬುದು ಅವನ ಕಣ್ಣಮುಂದೆಯೇ ನಡೆದ ಪಾಠವಾಯಿತೆನ್ನಬೇಕು.

ತಾರುಣ್ಯದಲ್ಲಿ ಲೋಕಮಾನ್ಯ ಟಿಳಕರ ಪ್ರಭಾವಕ್ಕೆ ಒಳಗಾದ ಹರ್ಡೀಕರರು ವೈದ್ಯವಿದ್ಯೆಯನ್ನು ಕಲಿಯಲು ಕಲ್ಕತ್ತೆಗೆ ಹೋದರು. ಅಲ್ಲಿಯ ಶಿಕ್ಷಣವನ್ನು ಮುಗಿಸಿ 1913ರಲ್ಲಿ, ತಮ್ಮ ಇಪ್ಪತ್ನಾಲ್ಕನೆಯ ವಯಸ್ಸಿನಲ್ಲಿ, ಅಮೇರಿಕೆಗೆ ಪ್ರಯಾಣಮಾಡಿದರು. ಆ ಕಾಲದ ಅನುಕೂಲಸ್ಥ ತರುಣರು ವಿಲಾಯತಿಗೆ ಹೋಗಿ ಬ್ಯಾರಿಸ್ಟರರಾಗಿಯೋ ಸಿವಿಲ್ ಸರ್ವಿಸಿನವರಾಗಿಯೋ ಬರುವುದು ರೂಢಿಯಾಗಿತ್ತು. ಹರ್ಡೀಕರರು ಆ ದಾರಿಯನ್ನು ಹಿಡಿಯದೆ ಮಿಶಿಗನ್ ವಿಶ್ವವಿದ್ಯಾಲಯವನ್ನು ಸೇರಿ, ಸಾರ್ವಜನಿಕ ಆರೋಗ್ಯವೆಂಬ, ನಮ್ಮವರಿಗೆ ಆಗ ಹೆಸರು ಕೂಡ ಪರಿಚಯವಿಲ್ಲದಿದ್ದ ಶಾಸ್ತ್ರವನ್ನು ಆರಿಸಿಕೊಂಡರು. ರೋಗಿಗೆ ಔಷಧ ಕೊಡುವುದು ವೈದ್ಯನ ಕೆಲಸ. ಊರಿಗೆ ರೋಗವೇ ಬಾರದಂತೆ ನೀರು, ಗಾಳಿ, ಆಹಾರ, ವಸತಿಗಳನ್ನು ನೋಡಿಕೊಳ್ಳುವುದು ಈ ಶಾಸ್ತ್ರದ ಕೆಲಸ. ಪ್ಲೇಗಿನ ನಾಡಿನಿಂದ ಹೋದವರಿಗೆ ಇದರ ಬೆಲೆಯನ್ನು ಬೇರೆಯವರು ಹೇಳಬೇಕಾಗಿರಲಿಲ್ಲ.

ಆ ದಿನಗಳಲ್ಲಿ ಭಾರತದಿಂದ ಹೊರದೇಶಕ್ಕೆ ಹೋಗುವುದೆಂದರೆ ದೇಹವನ್ನು ಪಣಕ್ಕೆ ಒಡ್ಡುವುದೇ ಆಗಿತ್ತೆಂಬುದಕ್ಕೆ ಎರಡು ನಿದರ್ಶನಗಳನ್ನು ಕೊಡುವುದು ಅವಶ್ಯ. ಹರ್ಡೀಕರರಿಗಿಂತ ಮೂವತ್ತು ವರ್ಷ ಮೊದಲು, 1883ರಲ್ಲಿ, ಆನಂದೀಬಾಯಿ ಜೋಶಿಯವರು ಹದಿನೆಂಟು ವರ್ಷದ ತರುಣಿಯಾಗಿ ಅಮೇರಿಕೆಯ ಫಿಲಡೆಲ್ಫಿಯಾ ನಗರಕ್ಕೆ ವೈದ್ಯವಿದ್ಯೆಗಾಗಿ ಹೋದರು. ಹೊರಡುವ ಮೊದಲೇ ಅವರ ದೇಹಪ್ರಕೃತಿಯು ಚೆನ್ನಾಗಿರಲಿಲ್ಲ. ಅಪರಿಚಿತವಾದ ಚಳಿ, ಒಗ್ಗದ ಆಹಾರ, ಬಿಡುವಿಲ್ಲದ ಅಭ್ಯಾಸ ಇವೆಲ್ಲವೂ ಸೇರಿ ಕ್ಷಯವು ಅವರನ್ನು ಆವರಿಸಿತು. 1886ರಲ್ಲಿ ಪದವಿಯನ್ನು ಪಡೆದು, ಕೊಲ್ಲಾಪುರದ ಆಸ್ಪತ್ರೆಯಲ್ಲಿ ಸ್ತ್ರೀಯರ ವಿಭಾಗಕ್ಕೆ ನೇಮಕವನ್ನೂ ಪಡೆದು ಸ್ವದೇಶಕ್ಕೆ ಬಂದ ಆ ವಿದುಷಿಯು ಒಬ್ಬ ರೋಗಿಗೂ ಅಲ್ಲಿ ಮದ್ದು ಕೊಡುವ ಮೊದಲೇ 1887ನೆಯ ಫೆಬ್ರವರಿ 26ರಂದು ತೀರಿಕೊಂಡರು. ಆಗ ಅವರಿಗೆ ಇಪ್ಪತ್ತೆರಡು ವರ್ಷ ತುಂಬಿರಲಿಲ್ಲ. ಪದವಿಯು ಕೈಗೆ ಬಂದಿತು. ಅದನ್ನು ಹಿಡಿಯುವ ಕೈ ಉಳಿಯಲಿಲ್ಲ.

ಎರಡನೆಯ ನಿದರ್ಶನವು ಗಣಿತಜ್ಞ ಶ್ರೀನಿವಾಸ ರಾಮಾನುಜನ್ನರದು. ಹರ್ಡೀಕರರು ಮಿಶಿಗನ್ನಿನಲ್ಲಿ ಓದುತ್ತಿದ್ದಾಗಲೇ, 1914ರ ಏಪ್ರಿಲಿನಲ್ಲಿ, ರಾಮಾನುಜನ್ನರು ಇಂಗ್ಲೆಂಡನ್ನು ಸೇರಿದರು. ಕೆಲವು ತಿಂಗಳುಗಳಲ್ಲಿಯೇ ಮಹಾಯುದ್ಧವು ಆರಂಭವಾಯಿತು. ಕಟ್ಟುನಿಟ್ಟಿನ ಸಸ್ಯಾಹಾರಿಯಾದ ಅವರು ಕೇಂಬ್ರಿಜಿನ ತಮ್ಮ ಕೋಣೆಯಲ್ಲಿ ತಾವೇ ಅಡಿಗೆ ಮಾಡಿಕೊಳ್ಳುತ್ತಿದ್ದರು. ಲೆಕ್ಕದಲ್ಲಿ ಮುಳುಗಿದಾಗ ಊಟಕ್ಕೂ ನಿದ್ರೆಗೂ ಹೊತ್ತುಗೊತ್ತು ಇರುತ್ತಿರಲಿಲ್ಲ. ಯುದ್ಧಕಾಲದಲ್ಲಿ ಬೇಕಾದ ಪದಾರ್ಥಗಳೂ ದೊರೆಯುತ್ತಿರಲಿಲ್ಲ. ಹಾಸಿಗೆಯ ಮೇಲೆ ಸಿಕ್ಕಿಸಿಟ್ಟ ಕಂಬಳಿಗಳ ಒಳಗೆ ಮಲಗಬೇಕೆಂಬುದು ತಿಳಿಯದೆ ಅವುಗಳ ಮೇಲೆಯೇ ಕೋಟು ತೊಟ್ಟು ಶಾಲು ಹೊದ್ದು ಚಳಿಯಲ್ಲಿ ನಡುಗುತ್ತಿದ್ದ ಅವರಿಗೆ, ಒಂದು ದಿನ ಭೇಟಿಗೆ ಬಂದ ಸಹಪಾಠಿ ಪ್ರಶಾಂತಚಂದ್ರ ಮಹಾಲನಬೀಸರು ಹಾಸಿಗೆಯ ಕ್ರಮವನ್ನು ತೋರಿಸಿಕೊಟ್ಟರಂತೆ. ಜಗತ್ತೇ ಬೆರಗಾಗುವಂಥ ಸೂತ್ರಗಳನ್ನು ಬರೆದ ಮಹಾಪುರುಷನಿಗೆ ಹೊದಿಕೆಯ ಬಗೆಯನ್ನು ಹೇಳಿಕೊಡುವವರು ಅಷ್ಟು ದಿನ ಒಬ್ಬರೂ ಇರಲಿಲ್ಲ!

1917ರಲ್ಲಿ ರಾಮಾನುಜನ್ನರು ಹಾಸಿಗೆ ಹಿಡಿದರು. ಒಂದಾದ ಮೇಲೊಂದು ಆರೋಗ್ಯಧಾಮಗಳಲ್ಲಿ ಎರಡು ವರ್ಷಗಳನ್ನು ಕಳೆದರು. ನಡುವೆ ಬದುಕೇ ಬೇಡವೆಂಬ ನಿರಾಶೆಯ ಅಂಚಿಗೂ ಹೋಗಿಬಂದರು. 1918ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವದಂಥ ಮಹಾಗೌರವವು ಅವರನ್ನು ಅರಸಿಕೊಂಡು ಬಂದಾಗ ಅವರು ರೋಗಿಯಾಗಿದ್ದರು. 1919ರಲ್ಲಿ ಸ್ವದೇಶಕ್ಕೆ ಮರಳಿ, 1920ನೆಯ ಏಪ್ರಿಲ್ 26ರಂದು ಮೂವತ್ತೆರಡನೆಯ ವಯಸ್ಸಿನಲ್ಲಿ ಕಣ್ಣುಮುಚ್ಚಿದರು. ಅವರದು ಕ್ಷಯವೆಂದೇ ಬಹಳ ಕಾಲ ಎಲ್ಲರೂ ತಿಳಿದಿದ್ದರು. 1994ರಲ್ಲಿ ವೈದ್ಯರೊಬ್ಬರು ಉಳಿದುಬಂದ ವಿವರಗಳನ್ನೆಲ್ಲ ಪುನಃ ಪರಿಶೀಲಿಸಿ, ಅದು ಯಕೃತ್ತಿಗೆ ತಗುಲಿದ ಅಮೀಬಾ ರೋಗವಾಗಿದ್ದಿರಬೇಕೆಂದೂ, ಸ್ವದೇಶದಲ್ಲಿದ್ದಾಗಲೇ ಬಂದಿದ್ದ ಆಮಶಂಕೆಯ ಬೇರು ಒಳಗೆ ಉಳಿದಿದ್ದಿರಬೇಕೆಂದೂ ಅಭಿಪ್ರಾಯಪಟ್ಟರು. ಅದು ಹಾಗೆಯೇ ಆಗಿದ್ದಲ್ಲಿ, ಆ ಕಾಲದಲ್ಲಿಯೂ ಅದಕ್ಕೆ ಔಷಧವಿತ್ತು. ಹಳೆಯ ಕಾಯಿಲೆಯ ಇತಿಹಾಸವು ಹೊಸ ಊರಿನ ವೈದ್ಯನಿಗೆ ಪೂರ್ಣವಾಗಿ ತಿಳಿಯದಿದ್ದರೆ ಎಂಥ ಅನರ್ಥವಾಗಬಹುದೆಂಬುದನ್ನು ಊಹಿಸಿದರೆ ಮೈ ಜುಮ್ಮೆನ್ನುತ್ತದೆ.

ಈ ಇಬ್ಬರ ಹೆಸರನ್ನು ನಾವು ತೆಗೆದದ್ದು ಅವರಲ್ಲಿ ದೋಷವನ್ನೆಣಿಸಲಿಕ್ಕಲ್ಲ. ಅವರು ತಮ್ಮ ಜ್ಞಾನದಾಹಕ್ಕಾಗಿ ತಮ್ಮನ್ನೇ ತೆತ್ತುಕೊಂಡ ಪುಣ್ಯಾತ್ಮರು. ಅವರನ್ನು ಕಳುಹಿಸಿದ ಸಮಾಜಕ್ಕೆ, ಬರಮಾಡಿಕೊಂಡ ಸಮಾಜಕ್ಕೆ, ಕಾಳಜಿಯಿದ್ದಲ್ಲಿ ತಿಳಿವಳಿಕೆಯಿರಲಿಲ್ಲ, ತಿಳಿವಳಿಕೆಯಿದ್ದಲ್ಲಿ ಕಾಳಜಿಯಿರಲಿಲ್ಲ. ಹರ್ಡೀಕರರಾದರೋ ಎಂಟು ವರ್ಷ ಪರದೇಶದಲ್ಲಿದ್ದು, ಯುದ್ಧವನ್ನೂ ಮಹಾಮಾರಿಯನ್ನೂ ಕಂಡು, ಮೂವತ್ತೆರಡನೆಯ ವಯಸ್ಸಿನಲ್ಲಿ ದುಡಿಯುವ ದೇಹದೊಡನೆ ತಿರುಗಿ ಬಂದರು. ರಾಮಾನುಜನ್ನರ ಬಾಳು ಮುಗಿದ ವಯಸ್ಸಿನಲ್ಲಿಯೇ ಇವರ ಸೇವೆಯು ಆರಂಭವಾಯಿತು. ಇದರಲ್ಲಿ ದೈವದ ಪಾಲು ಇಲ್ಲವೆಂದು ನಾವು ಹೇಳಲಾರೆವು. ಆದರೆ ಅವರು ಸೇರಿದ ಸ್ಥಳ, ಕಲಿತ ವಿದ್ಯೆ, ಕೂಡಿದ ಸಂಗ ಈ ಮೂರನ್ನೂ ವಿಚಾರಿಸಿ ನೋಡಿದರೆ ದೈವವೊಂದೇ ಅಲ್ಲವೆಂಬುದು ಸ್ಪಷ್ಟವಾಗುತ್ತದೆ.

ಮೊದಲು ಸ್ಥಳದ ಮಾತು. ಮಿಶಿಗನ್ ವಿಶ್ವವಿದ್ಯಾಲಯವಿರುವ ಆನ್ ಆರ್ಬರ್ ಪಟ್ಟಣವು ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟಿ ಬೀದಿಗಳೆಲ್ಲ ಹಿಮದಿಂದ ಮುಚ್ಚಿಹೋಗುವಂಥ ಸೀಮೆ. ಧಾರವಾಡದ ಜಡಿಮಳೆಯೇ ಚಳಿಯ ಪರಮಾವಧಿಯೆಂದು ತಿಳಿದವರಿಗೆ ಅದು ಬೇರೆಯೇ ಲೋಕ. ಆದರೆ ಆ ವಿಶ್ವವಿದ್ಯಾಲಯವು ಹರ್ಡೀಕರರು ಹೊರಟ 1913ನೆಯ ಇಸವಿಯಲ್ಲಿಯೇ ವಿದ್ಯಾರ್ಥಿಗಳಿಗಾಗಿ ಪ್ರತ್ಯೇಕವಾದ ಆರೋಗ್ಯಸೇವೆಯನ್ನು ಸ್ಥಾಪಿಸಿತು. ಓದುವ ಹುಡುಗನ ಬುದ್ಧಿಗೆ ಹೊಣೆಯಾದ ಸಂಸ್ಥೆಯು ಅವನ ದೇಹಕ್ಕೂ ಹೊಣೆಯಾಗಬೇಕೆಂಬ ತತ್ತ್ವವು ಅಮೇರಿಕೆಯಲ್ಲಿ ಆಗತಾನೆ ಬೇರೂರುತ್ತಿತ್ತು. ವಿದ್ಯಾರ್ಥಿಯು ಎಲ್ಲಿಯೋ ಬಾಡಿಗೆಯ ಕೋಣೆಯಲ್ಲಿ ಒಬ್ಬನೇ ಜ್ವರದಿಂದ ನರಳುವುದಕ್ಕೂ, ನಿನ್ನ ವೈದ್ಯನು ಇಂಥಲ್ಲಿ ಇದ್ದಾನೆಂದು ಮೊದಲ ದಿನವೇ ತಿಳಿದಿರುವುದಕ್ಕೂ ಇರುವ ಅಂತರವು ಸಾಮಾನ್ಯವಾದುದಲ್ಲ.

ಇನ್ನು ವಿದ್ಯೆಯ ಮಾತು. ಅಲ್ಲಿಯ ವೈದ್ಯಶಾಲೆಯ ಮುಖ್ಯಾಧಿಕಾರಿಗಳಾಗಿದ್ದ ವಿಕ್ಟರ್ ವಾನರು ಆರೋಗ್ಯಶಾಸ್ತ್ರದ ಆಚಾರ್ಯರಲ್ಲಿ ಒಬ್ಬರು. 1898ರಲ್ಲಿ ಸ್ಪೇನಿನೊಡನೆ ಅಮೇರಿಕೆಯು ಹೂಡಿದ ಯುದ್ಧದಲ್ಲಿ ಸಿಪಾಯಿಗಳ ಬಿಡಾರಗಳಲ್ಲಿ 20,000ಕ್ಕೂ ಹೆಚ್ಚು ಜನರಿಗೆ ವಿಷಮಶೀತಜ್ವರವು ತಗುಲಿ, 1,500ಕ್ಕೂ ಹೆಚ್ಚು ಜನರು ಸತ್ತರು. ಶತ್ರುವಿನ ಗುಂಡಿಗೆ ಬಿದ್ದವರಿಗಿಂತ ಈ ಜ್ವರಕ್ಕೆ ಬಿದ್ದವರೇ ಬಹಳ. ಅದರ ಕಾರಣವನ್ನು ಶೋಧಿಸಿದ ಮೂವರ ಮಂಡಲಿಯಲ್ಲಿ ವಾನರೂ ಒಬ್ಬರು. ಕೆಟ್ಟ ನೀರೊಂದೇ ಕಾರಣವಲ್ಲ. ಪಾಯಿಖಾನೆಯ ಅವ್ಯವಸ್ಥೆ, ನೊಣ, ತೊಳೆಯದ ಕೈ, ಒತ್ತೊತ್ತಾಗಿ ಮಲಗುವ ಡೇರೆಗಳು ಇವುಗಳಿಂದಲೂ ರೋಗವು ಒಬ್ಬನಿಂದೊಬ್ಬನಿಗೆ ಹಬ್ಬುತ್ತದೆಂಬುದನ್ನು ಆ ಮಂಡಲಿಯು ಸ್ಥಾಪಿಸಿತು. ಇಂಥ ವಿಚಾರಗಳು ಬೆಳೆದ ಶಾಲೆಯಲ್ಲಿ ಓದಿದವನಿಗೆ ಶುಚಿತ್ವವು ಮಡಿಯ ಮಾತಾಗಿ ಉಳಿಯದೆ ಪ್ರಾಣದ ಮಾತಾಗುತ್ತದೆ.

ಅದೇ ವಿಶ್ವವಿದ್ಯಾಲಯದ ಇನ್ನೊಂದು ಘಟನೆಯನ್ನು ಇಲ್ಲಿ ಹೇಳಬೇಕು. 1901ರಲ್ಲಿ ನೋವಿ ಎಂಬ ಪ್ರಸಿದ್ಧ ಜೀವಾಣುಶಾಸ್ತ್ರಜ್ಞರ ಪ್ರಯೋಗಶಾಲೆಯಲ್ಲಿ ಕೆಲಸಮಾಡುತ್ತಿದ್ದ ವಿದ್ಯಾರ್ಥಿಯೊಬ್ಬನಿಗೆ ಪ್ಲೇಗು ತಗುಲಿತು. ಊರಿನಲ್ಲಿ ಪ್ಲೇಗಿರಲಿಲ್ಲ, ಪ್ರಯೋಗಶಾಲೆಯ ನಾಳಗಳಲ್ಲಿದ್ದ ಜೀವಾಣುವೇ ಅವನನ್ನು ಹೊಕ್ಕಿತು. ಅವನನ್ನು ಕೂಡಲೇ ಬೇರ್ಪಡಿಸಿ ಚಿಕಿತ್ಸೆ ಮಾಡಿದುದರಿಂದ ಅವನೂ ಬದುಕಿದನು, ಊರೂ ಉಳಿಯಿತು. ಹುಬ್ಬಳ್ಳಿಯ ಬೀದಿಗಳನ್ನು ಬರಿದುಮಾಡಿದ ಅದೇ ಮಾರಿಯು ಸಮುದ್ರದಾಚೆಯ ವಿದ್ಯಾಶಾಲೆಯೊಂದರ ಒಳಗೆ ಒಬ್ಬ ಹುಡುಗನನ್ನು ಹಿಡಿದು, ವ್ಯವಸ್ಥೆಯ ಬಲದಿಂದ ಅಲ್ಲಿಯೇ ಸೋತುಹೋಯಿತು. ಇಂಥ ಶಾಲೆಯಲ್ಲಿ ಹರ್ಡೀಕರರು 1916ರಲ್ಲಿ ಸಾರ್ವಜನಿಕ ಆರೋಗ್ಯದಲ್ಲಿ ಎಂ.ಎಸ್‌ಸಿ. ಪದವಿಯನ್ನು ಪಡೆದರು.

ಆರೋಗ್ಯವೊಂದರಿಂದಲೇ ಪರದೇಶದ ವಿದ್ಯಾರ್ಥಿಯು ಕ್ಷೇಮವಾಗಿರಲಾರನು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲವೆಂಬ ನಮ್ಮ ಗಾದೆಯು ಈ ಎರಡು ಬಗೆಯ ಕ್ಷೇಮವನ್ನೂ ಒಂದೇ ಉಸಿರಿನಲ್ಲಿ ಹೇಳುತ್ತದೆ. ಆ ಕಾಲದ ಅಮೇರಿಕೆಯಲ್ಲಿ ಭಾರತೀಯನಿಗೆ ಜಗಳವು ತಾನಾಗಿಯೇ ಹುಡುಕಿಕೊಂಡು ಬರುತ್ತಿತ್ತು. 1907ನೆಯ ಸಪ್ಟೆಂಬರಿನಲ್ಲಿ ಪಶ್ಚಿಮ ಕರಾವಳಿಯ ಬೆಲ್ಲಿಂಗ್‌ಹ್ಯಾಮ್ ಎಂಬ ಊರಿನಲ್ಲಿ ಬಿಳಿಯರ ಗುಂಪು ಮರಕೊಯ್ಯುವ ಕಾರ್ಖಾನೆಗಳ ಭಾರತೀಯ ಕೆಲಸಗಾರರನ್ನು ಹೊಡೆದು ಊರುಬಿಡಿಸಿತು. 1917ರ ಫೆಬ್ರವರಿಯಲ್ಲಿ ಏಷ್ಯಾದ ಬಹುಭಾಗದ ಜನರು ಆ ದೇಶಕ್ಕೆ ವಲಸೆ ಬರಕೂಡದೆಂದು ಕಾನೂನು ಮಾಡಲಾಯಿತು. ವಿದ್ಯಾರ್ಥಿಗಳಿಗೆ ಮಾತ್ರ ಅದರಿಂದ ವಿನಾಯಿತಿ ದೊರೆಯಿತು. ಅದೇ ವರ್ಷ ಅಮೇರಿಕೆಯು ಮಹಾಯುದ್ಧವನ್ನು ಸೇರಿತು. ಜರ್ಮನರ ಸಹಾಯದಿಂದ ಭಾರತದಲ್ಲಿ ದಂಗೆಯೆಬ್ಬಿಸಲು ಒಳಸಂಚು ಮಾಡಿದರೆಂಬ ಆಪಾದನೆಯ ಮೇಲೆ ಸಾನ್‌ಫ್ರಾನ್ಸಿಸ್ಕೋ ನಗರದಲ್ಲಿ ನಡೆದ ಮೊಕದ್ದಮೆಯು 1917ರ ನವಂಬರಿನಿಂದ 1918ರ ಏಪ್ರಿಲಿನವರೆಗೆ ಎಳೆಯಿತು. ಆಗ ಆ ದೇಶದಲ್ಲಿದ್ದ ಪ್ರತಿಯೊಬ್ಬ ದೇಶಾಭಿಮಾನಿ ಭಾರತೀಯನ ಮೇಲೂ ಸಂಶಯದ ದೃಷ್ಟಿ ಬೀಳುವುದು ಸಹಜವಾಗಿತ್ತು.

ಇಂಥ ಇಕ್ಕಟ್ಟಿನಲ್ಲಿ ಹರ್ಡೀಕರರು ಅಭಿಮಾನವನ್ನು ಬಚ್ಚಿಟ್ಟುಕೊಂಡು ಕುಳಿತವರಲ್ಲ. ಕತ್ತಲೆಯ ದಾರಿಯನ್ನು ಹಿಡಿದವರೂ ಅಲ್ಲ. ಅಮೇರಿಕೆಯ ಹಿಂದುಸ್ಥಾನ್ ಅಸೋಸಿಯೇಷನ್ ಎಂಬ ಭಾರತೀಯ ವಿದ್ಯಾರ್ಥಿಗಳ ಸಂಘದಲ್ಲಿ ಅವರು ಮುಂದಾಳಾಗಿ ದುಡಿದರು. ದೂರದ ಊರುಗಳಲ್ಲಿ ಚದುರಿಹೋಗಿದ್ದ ಹುಡುಗರಿಗೆ ಅಂಥ ಸಂಘವು ತವರುಮನೆಯಂತೆ ಇದ್ದಿರಬೇಕು. ಆಗ ಅಮೇರಿಕೆಯಲ್ಲಿದ್ದ ಪಂಜಾಬಕೇಸರಿ ಲಾಲಾ ಲಜಪತರಾಯರು 1917ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನಲ್ಲಿ ಅಮೇರಿಕೆಯ ಭಾರತೀಯ ಹೋಂರೂಲ್ ಲೀಗನ್ನು ಸ್ಥಾಪಿಸಿದಾಗ ಹರ್ಡೀಕರರು ಅವರ ಬಲಗೈಯಾದರು. 1918ರ ಆರಂಭದಿಂದ ಯಂಗ್ ಇಂಡಿಯಾ ಎಂಬ ಮಾಸಪತ್ರಿಕೆಯು ಆ ಲೀಗಿನಿಂದ ಹೊರಟಿತು. ಬಹಿರಂಗ ಸಭೆ, ಬಹಿರಂಗ ಪತ್ರಿಕೆ, ಬಹಿರಂಗವಾದ ಲೆಕ್ಕಪತ್ರ ಇವು ಆ ಲೀಗಿನ ಮಾರ್ಗ. ಪರದೇಶದ ಕಾನೂನನ್ನು ಅರಿತು, ಅದರೊಳಗೆ ನಿಂತು, ತನ್ನ ದೇಶದ ಮಾತನ್ನು ತಲೆಯೆತ್ತಿ ಹೇಳುವುದು ಹೇಡಿತನವಲ್ಲ, ವಿವೇಕವೆಂಬುದನ್ನು ಅವರ ನಡತೆಯು ತೋರಿಸಿತು. ಹಿರಿಯರೊಬ್ಬರ ನೆರಳಿನಲ್ಲಿ, ತನ್ನವರ ಸಂಗದಲ್ಲಿ ಇದ್ದುದೇ ಆ ತರುಣನಿಗೆ ದೊಡ್ಡ ಕವಚವಾಯಿತೆಂದು ನಮ್ಮ ನಂಬಿಕೆ. ರಾಮಾನುಜನ್ನರಿಗೆ ಹಾರ್ಡಿಯವರಂಥ ಮಹಾಮತಿಯ ಗುರುಸ್ನೇಹಿತರಿದ್ದರು. ಆದರೆ ಉಂಡೆಯಾ, ಮಲಗಿದೆಯಾ ಎಂದು ದಿನವೂ ಕೇಳುವವರಿರಲಿಲ್ಲ.

1918ರ ಶರತ್ಕಾಲದಲ್ಲಿ ಇನ್‌ಫ್ಲುಯೆಂಝಾ ಮಹಾಮಾರಿಯು ಜಗತ್ತನ್ನೆಲ್ಲ ಸುತ್ತಿತು. ನ್ಯೂಯಾರ್ಕ್ ನಗರವೊಂದರಲ್ಲಿಯೇ ಸಾವಿರಾರು ಜನರು ಸತ್ತರು. ನಮ್ಮ ಭಾರತದಲ್ಲಿ ಸತ್ತವರ ಸಂಖ್ಯೆಯು ಕೋಟಿಯನ್ನು ಮೀರಿತು. ಆ ರೋಗವು ಮುದುಕರನ್ನೂ ಮಕ್ಕಳನ್ನೂ ಹಿಡಿದಂತೆಯೇ ಇಪ್ಪತ್ತು ಮೂವತ್ತರ ಗಟ್ಟಿಮುಟ್ಟಾದ ಪ್ರಾಯದವರನ್ನೂ ವಿಶೇಷವಾಗಿ ಹಿಡಿಯಿತು. ಪ್ರಾಯವೇ ಆರೋಗ್ಯಕ್ಕೆ ಜಾಮೀನೆಂದು ನಂಬುವ ವಿದ್ಯಾರ್ಥಿಗಳು ಇದನ್ನು ಮನಸ್ಸಿನಲ್ಲಿಡತಕ್ಕದ್ದು. ಬಾಲ್ಯದಲ್ಲಿ ಪ್ಲೇಗನ್ನೂ ತಾರುಣ್ಯದಲ್ಲಿ ಈ ಮಾರಿಯನ್ನೂ ದಾಟಿದ ಹರ್ಡೀಕರರು 1921ರಲ್ಲಿ ಸ್ವದೇಶಕ್ಕೆ ಮರಳಿದರು. ಆಗ ದೇಶವು ಅಸಹಕಾರದ ಉತ್ಸಾಹದಲ್ಲಿತ್ತು.

ವೈದ್ಯಪದವಿಯನ್ನೂ ಅಮೇರಿಕೆಯ ಪದವಿಯನ್ನೂ ಪಡೆದವರಿಗೆ ಆಗ ಸಂಪಾದನೆಯ ದ್ವಾರಗಳು ತೆರೆದೇ ಇದ್ದವು. ಹರ್ಡೀಕರರು ಹುಬ್ಬಳ್ಳಿಯಲ್ಲಿ ನೆಲೆಸಿ ಸೇವಾಮಂಡಲವನ್ನು ಕಟ್ಟಿದರು. ಬಾಲಿಕೆಯರಿಗಾಗಿ ತಿಲಕ ಕನ್ಯಾಶಾಲೆಯನ್ನು ತೆರೆದರು. 1923ರಲ್ಲಿ ನಾಗಪುರದ ಝಂಡಾ ಸತ್ಯಾಗ್ರಹಕ್ಕೆ ಹುಬ್ಬಳ್ಳಿಯ ಸ್ವಯಂಸೇವಕರು ಹೋಗಿ ಸೆರೆಮನೆಯನ್ನು ಸೇರಿದರು. ಸೆರೆಮನೆಯ ಕಷ್ಟವನ್ನು ತಾಳಲಾರದೆ ಬೇರೆ ಕಡೆಯ ಅನೇಕರು ಕ್ಷಮಾಪತ್ರವನ್ನು ಬರೆದುಕೊಟ್ಟು ಹೊರಬಿದ್ದಾಗ ಈ ತಂಡವು ಅಳುಕಲಿಲ್ಲ. ಮನಸ್ಸು ಗಟ್ಟಿಯಾಗಿರಬೇಕಾದರೆ ದೇಹಕ್ಕೂ ಶಿಕ್ಷಣ ಬೇಕು, ಸ್ವಯಂಸೇವಕತ್ವಕ್ಕೂ ಶಾಸ್ತ್ರಬೇಕು ಎಂಬುದು ಆ ಅನುಭವದಿಂದ ಕಾಂಗ್ರೆಸ್ಸಿನ ಮುಖಂಡರಿಗೆ ಮನವರಿಕೆಯಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಕಾಕಿನಾಡದ ಅಧಿವೇಶನದಲ್ಲಿ ಹಿಂದುಸ್ಥಾನಿ ಸೇವಾದಳವು ಹುಟ್ಟಿತು. ಜವಾಹರಲಾಲ ನೆಹರೂರವರ ಬೆಂಬಲವು ಅದಕ್ಕೆ ಮೊದಲಿನಿಂದಲೂ ದೊರೆಯಿತು.

ಮರುವರ್ಷ, 1924ರ ಡಿಸೆಂಬರಿನಲ್ಲಿ, ಮಹಾತ್ಮಾ ಗಾಂಧಿಯವರ ಅಧ್ಯಕ್ಷತೆಯಲ್ಲಿ ನಡೆದ ಬೆಳಗಾವಿಯ ಕಾಂಗ್ರೆಸ್ಸಿನಲ್ಲಿ ಹರ್ಡೀಕರರ ವಿದ್ಯೆಯು ನಾಡಿನ ಕಣ್ಣಿಗೆ ಬಿದ್ದಿತು. ಗಂಗಾಧರರಾವ ದೇಶಪಾಂಡೆಯವರ ನೇತೃತ್ವದಲ್ಲಿ ಬಯಲಿನ ಮೇಲೆ ಎದ್ದುನಿಂತ ಆ ಡೇರೆಗಳ ನಗರಕ್ಕೆ ನೀರಿಗಾಗಿ ದೊಡ್ಡ ಬಾವಿಯನ್ನು ತೋಡಿಸಲಾಗಿತ್ತು. ಸಹಸ್ರಾರು ಜನರು ಸೇರಿದ ಅಲ್ಲಿ ಶಿಸ್ತನ್ನೂ ನೈರ್ಮಲ್ಯವನ್ನೂ ಕಾಯುವ ಭಾರವು ಹರ್ಡೀಕರರು ಸಿದ್ಧಗೊಳಿಸಿದ ಸ್ವಯಂಸೇವಕರ ಮೇಲೆ ಬಿದ್ದಿತು. ಯುದ್ಧದ ಡೇರೆಗಳಲ್ಲಿ ಸಿಪಾಯಿಗಳು ಏಕೆ ಸತ್ತರೆಂಬುದನ್ನು ಶೋಧಿಸಿದ ಶಾಲೆಯ ವಿದ್ಯಾರ್ಥಿಯು, ಸ್ವದೇಶದ ಡೇರೆಗಳಲ್ಲಿ ಅಂಥದು ಆಗದಂತೆ ಕಾವಲು ನಿಂತದ್ದು ವಿದ್ಯೆಯ ಸಾರ್ಥಕತೆಯಲ್ಲವೇ? ಪರದೇಶದಿಂದ ತರತಕ್ಕ ಸಂಪತ್ತು ಇದು.

ಮುಂದಿನ ವರ್ಷಗಳಲ್ಲಿ ಸೇವಾದಳವು ದೇಶದ ನಾನಾ ಪ್ರಾಂತಗಳಲ್ಲಿ ಹಬ್ಬಿತು. ಕವಾಯತು, ವ್ಯಾಯಾಮ, ಪ್ರಥಮ ಚಿಕಿತ್ಸೆ, ಸಭೆಗಳ ವ್ಯವಸ್ಥೆ, ರಾಷ್ಟ್ರಧ್ವಜಕ್ಕೆ ಗೌರವ ಇವು ಅದರ ನಿತ್ಯಕರ್ಮಗಳಾದವು. ಸೇವಾದಳದ ಮಹಿಳಾಶಾಖೆಯನ್ನು ಉಮಾಬಾಯಿ ಕುಂದಾಪುರರಂಥ ತ್ಯಾಗಶೀಲೆಯರು ಮುನ್ನಡೆಸಿದರು. ಇದರಿಂದ ದೇಹಶಿಕ್ಷಣವು ಗಂಡಸರ ಸೊತ್ತಲ್ಲವೆಂಬುದು ನಮ್ಮ ನಾಡಿನಲ್ಲಿ ಅಷ್ಟು ಮೊದಲೇ ಸ್ಥಾಪಿತವಾಯಿತು. 1932ರಲ್ಲಿ ಬ್ರಿಟಿಶ್ ಸರಕಾರವು ಕಾಂಗ್ರೆಸ್ಸಿನೊಡನೆ ಸೇವಾದಳವನ್ನೂ ಕಾನೂನುಬಾಹಿರವೆಂದು ಸಾರಿತು. ಹರ್ಡೀಕರರು ಸೆರೆವಾಸವನ್ನು ಅನುಭವಿಸಿದರು. ಈ ಚರಿತ್ರೆಯು ನಮ್ಮ ವಾಚಕರಿಗೆ ತಿಳಿದುದೇ ಆದುದರಿಂದ ಇಲ್ಲಿ ವಿಸ್ತರಿಸುವುದಿಲ್ಲ.

ಆದರೆ ಅವರ ಜೀವನದ ಇನ್ನೊಂದು ಧಾರೆಯನ್ನು ಮರೆಯಲಾಗದು. ಬೆಳಗಾವಿ ಜಿಲ್ಲೆಯ ಘಟಪ್ರಭೆಯಲ್ಲಿ 1929ರಲ್ಲಿ ಆರಂಭವಾದ ಕರ್ನಾಟಕ ಆರೋಗ್ಯಧಾಮದೊಡನೆ ಹರ್ಡೀಕರರ ಹೆಸರು ಬಿಡಿಸಲಾರದಂತೆ ಬೆಸೆದುಕೊಂಡಿದೆ. ಹೊಳೆಯ ದಂಡೆಯ ಆ ಗ್ರಾಮಪ್ರದೇಶದಲ್ಲಿ, ಪಟ್ಟಣದ ದೊಡ್ಡ ಆಸ್ಪತ್ರೆಗೆ ಹೋಗಲಾರದ ಬಡವರಿಗೆ ಚಿಕಿತ್ಸೆ ದೊರೆಯಬೇಕೆಂಬುದು ಅದರ ಧ್ಯೇಯ. ಸ್ವಾತಂತ್ರ್ಯ ಬಂದ ಮೇಲೆ 1952ರಿಂದ 1962ರವರೆಗೆ ರಾಜ್ಯಸಭೆಯ ಸದಸ್ಯರಾಗಿದ್ದರು. 1958ರಲ್ಲಿ ಪದ್ಮಭೂಷಣ ಪ್ರಶಸ್ತಿಯು ಅವರಿಗೆ ಸಂದಿತು. 1975ನೆಯ ಆಗಸ್ಟ್ 26ರಂದು, ಎಂಬತ್ತಾರು ವರ್ಷಗಳ ತುಂಬು ಬಾಳನ್ನು ಬಾಳಿ, ಅವರು ಕಾಲವಶರಾದರು. ಪರದೇಶದಿಂದ ತಿರುಗಿಬಂದ ಮೇಲೆ ಐವತ್ತನಾಲ್ಕು ವರ್ಷಗಳ ಸೇವೆಯು ದೇಶಕ್ಕೆ ಸಂದಿತು. ಆನಂದೀಬಾಯಿಯವರಿಂದ ಕೆಲವು ತಿಂಗಳುಗಳೂ, ರಾಮಾನುಜನ್ನರಿಂದ ಒಂದೇ ವರ್ಷವೂ ನಮಗೆ ದೊರೆತವು. ಈ ಲೆಕ್ಕವು ಕಠೋರವಾದುದು. ಆದರೆ ಮಕ್ಕಳನ್ನು ಹೊರಗೆ ಕಳುಹಿಸುವ ತಂದೆತಾಯಿಗಳೂ ಸರಕಾರಗಳೂ ಇದನ್ನು ಒಮ್ಮೆ ಮಾಡಿನೋಡಬೇಕು. ವಿದ್ಯಾರ್ಥಿಯ ದೇಹವು ಅವನೊಬ್ಬನ ಸೊತ್ತಲ್ಲ. ಅದರಲ್ಲಿ ತಾಯಿಯ ಪಾಲುಂಟು, ಊರಿನ ಪಾಲುಂಟು, ದೇಶದ ಪಾಲುಂಟು.

ಹಾಗಾದರೆ ಇಂದು ಹೊರಡುವವನು ಮಾಡತಕ್ಕದ್ದೇನು? ಕೆಲವು ಮಾತುಗಳನ್ನು ನಾವು ಸಂಕ್ಷೇಪವಾಗಿ ಹೇಳುತ್ತೇವೆ. ಹಿಂದೆ ಬಂದ ಕಾಯಿಲೆಗಳು, ಹಾಕಿಸಿದ ಲಸಿಕೆಗಳು, ನುಂಗುತ್ತಿರುವ ಔಷಧಗಳು, ಮೈಗೆ ಒಗ್ಗದ ಪದಾರ್ಥಗಳು ಇವೆಲ್ಲವನ್ನೂ ವೈದ್ಯನಿಂದ ಬರೆಯಿಸಿ ಪಾಸ್‌ಪೋರ್ಟಿನೊಡನೆ ಇಟ್ಟುಕೊಳ್ಳಬೇಕು. ಆ ದೇಶದ ಆಸ್ಪತ್ರೆಯ ಖರ್ಚನ್ನು ಭರಿಸುವ ವಿಮೆಯನ್ನು ಹೊರಡುವ ಮೊದಲೇ ಮಾಡಿಸಬೇಕು. ಅಮೇರಿಕೆಯಂಥ ದೇಶದಲ್ಲಿ ಒಂದು ಶಸ್ತ್ರಚಿಕಿತ್ಸೆಯ ಬೆಲೆಯು ನಮ್ಮ ಕಡೆಯ ಒಂದು ಹೊಲದ ಬೆಲೆಯನ್ನು ಮೀರಬಲ್ಲದು. ನಾಲ್ಕು ಬಗೆಯ ಅಡಿಗೆಯನ್ನು ಕೈಯಾರೆ ಮಾಡಲು ಗಂಡುಹುಡುಗನೂ ಕಲಿತು ಹೋಗಬೇಕು. ವಿಶ್ವವಿದ್ಯಾಲಯವನ್ನು ಸೇರಿದ ಮೊದಲ ವಾರದಲ್ಲಿಯೇ ಅಲ್ಲಿಯ ಆರೋಗ್ಯಕೇಂದ್ರವನ್ನು ಕಂಡುಬರಬೇಕು. ನಮ್ಮ ರಾಯಭಾರ ಕಚೇರಿಯಲ್ಲಿ ಹೆಸರನ್ನು ನೋಂದಾಯಿಸಬೇಕು. ಖಾರ್ಕೀವಿನ ದಿನಗಳಲ್ಲಿ ಯಾರು ಎಲ್ಲಿದ್ದಾರೆಂಬುದನ್ನು ತಿಳಿಯುವುದೇ ಮೊದಲ ತೊಡಕಾಗಿತ್ತು. ಆ ದೇಶದ ಕಾನೂನನ್ನು ಅರಿತು ನಡೆಯಬೇಕು. ತನ್ನವರ ಸಂಗವನ್ನು ಬಿಡದಿರಬೇಕು. ಅನ್ಯರ ಸ್ನೇಹವನ್ನೂ ಬೆಳೆಸಬೇಕು.

ಕೊನೆಯದಾಗಿ ಮನಸ್ಸಿನ ಮಾತು. ಒಂಟಿತನವು ಒಂದು ರೋಗವೇ. ಅದು ಬಂದಾಗ ನಾಚದೆ ವೈದ್ಯನಿಗೆ ಹೇಳಬೇಕು, ಮನೆಗೆ ತಿಳಿಸಬೇಕು. ಇಲ್ಲಿ ತಂದೆತಾಯಿಗಳ ಹೊಣೆಯೂ ದೊಡ್ಡದು. ಸಾಲದ ಭಾರವನ್ನೂ ಊರಿನ ಮರ್ಯಾದೆಯನ್ನೂ ದಿನವೂ ನೆನಪಿಸುವ ತಂದೆಗೆ ಮಗನು ತನ್ನ ಕಾಯಿಲೆಯನ್ನು ಹೇಗೆ ಹೇಳಿಯಾನು? ಪರೀಕ್ಷೆಯಲ್ಲಿ ಸೋತರೂ, ನಡುವೆಯೇ ತಿರುಗಿ ಬಂದರೂ ಈ ಮನೆಯ ಬಾಗಿಲು ನಿನಗೆ ತೆರೆದಿದೆಯೆಂಬ ಒಂದು ಭರವಸೆಯನ್ನು ಕೊಟ್ಟು ಕಳುಹಿಸಿದರೆ, ಅದು ಯಾವ ಔಷಧದ ಪೆಟ್ಟಿಗೆಗೂ ಕಡಿಮೆಯಾದುದಲ್ಲ.

ಬಿಳಿಚೋಡಿನ ಕಡೆಯಿಂದ ಹೊರಡುವ ಹುಡುಗನ ಗಂಟಿನಲ್ಲಿ ಅವನ ತಾಯಿಯು ಚಟ್ನಿಪುಡಿಯನ್ನೂ ಒಣರೊಟ್ಟಿಯನ್ನೂ ಕಟ್ಟಿಡುವಾಗ ಇನ್ನುಮೇಲೆ ಯಾರೂ ನಗಬಾರದೆಂದು ನಮ್ಮ ಕೋರಿಕೆ. ಹರ್ಡೀಕರರು ಮಿಶಿಗನ್ನಿಗೆ ಹೋಗಿ ಕಲಿತುಬಂದ ಶಾಸ್ತ್ರದ ಮೊದಲ ಪಾಠವನ್ನು ಆ ತಾಯಿಯು ಓದದೆಯೇ ಬಲ್ಲಳು. ಉಳಿದ ಪಾಠಗಳನ್ನು ಕಲಿಸಿ ಕಳುಹಿಸುವುದು ನಮ್ಮ ನಿಮ್ಮೆಲ್ಲರ ಹೊಣೆ. ಕಳುಹಿಸಿದ ಮಕ್ಕಳು ವಿದ್ಯೆಯೊಡನೆ, ಅದನ್ನು ನಾಡಿಗೆ ಮುಡಿಪಿಡಬಲ್ಲ ದೇಹದೊಡನೆ ತಿರುಗಿ ಬರಲಿ.